ಪುಕ್ಕಲ ಓರ್ಸಾಕನ ಬೆಂಕಿ

ನನ್ನ ಗಂಡ ಪುಕ್ಕಲ. ಬೆನ್ನ ಹಿಂದೆ ಆಡುವ ಮಾತಲ್ಲ ಇದು. ಮದುವೆಯಾದ ವಾರದಿಂದ ಅವನ ಮುಖಕ್ಕೇ ಹೇಳುತ್ತ ಬಂದಿದ್ದೇನೆ, ನಾನು ಮರೆತ ದಿನ ಊರಿನವರು ಹೇಳಿದ್ದಾರೆ. ನಮ್ಮೂರು ನೋವಿ ಪೋಟಾಕ್‌ಗೆ ಬಂದು ಎಡ್ವಿನ್ ಓರ್ಸಾಕ್ ಮನೆ ಎಲ್ಲಿ ಎಂದು ಕೇಳಿ ನೋಡಿ. "ಯಾರು, ಬೆಂಕಿ ಹಚ್ಚೋಕೆ ಮುಂಚೆ ಹುಲ್ಲಿಗೆ ಸ್ನಾನ ಮಾಡಿಸ್ತಾನಲ್ಲ, ಅವನಾ?" ಎನ್ನುತ್ತಾರೆ.

ಹಾಗೆಂದು ಎಲ್ಲಕ್ಕೂ ಹೆದರುವ ಜೀವವಲ್ಲ. ಬಾಲ ಅಲ್ಲಾಡಿಸಿ ಗಿಲಗಿಲ ಸದ್ದು ಮಾಡುವ ಹಾವು ಅಡುಗೆಮನೆಯ ಮೆಟ್ಟಿಲ ಮೇಲೆ ಮಲಗಿದ್ದರೆ ಸಲಿಕೆಯಲ್ಲಿ ಎತ್ತಿ ಬೇಲಿಯಾಚೆ ಎಸೆದು ಬಂದು ಕಾಫಿ ಕುಡಿಯುತ್ತಾನೆ. ಕೌಂಟಿಯ, ಅಂದರೆ ಜಿಲ್ಲಾಡಳಿತದ, ಕೆಲಸದಲ್ಲಿದ್ದಾಗ ಗ್ರೇಡರ್ ಓಡಿಸಿ ಮಣ್ಣುರಸ್ತೆಗಳನ್ನು ಸಮ ಮಾಡುವುದು ಅವನ ಪಾಲಿಗಿತ್ತು. ಹೊಳೆ ಉಕ್ಕಿ ಸೇತುವೆ ಮುಳುಗಿದ ವರ್ಷ ಅದೇ ಗ್ರೇಡರನ್ನು ನೀರಿಗಿಳಿಸಿ ಶಾಲೆಯ ಬಸ್ಸನ್ನು ಮಕ್ಕಳ ಸಮೇತ ಎಳೆದು ತಂದವನು ಅವನೇ. ಅವನಿಗೆ ಇದ್ದ ಹೆದರಿಕೆ ಒಂದೇ, ಕೆಂಡ. ಗೋಲಿ ಗಾತ್ರದ ಒಂದು ಕೆಂಡ ಬೆಂಕಿಗೂಡಿನಿಂದ ಉರುಳಿ ಹೊರಬಿದ್ದರೆ ಸಾಕು, ಅವನ ಮುಖದ ಬಣ್ಣವೇ ಇಳಿದುಹೋಗುತ್ತಿತ್ತು.

ಅಷ್ಟು ಹೆದರುವವನು ಬೆಂಕಿಯ ಸಹವಾಸವೇ ಬೇಡ ಎಂದು ಇರಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಇರುತ್ತಾನೆ? ಟೆಕ್ಸಸ್ಸಿನ ನಮ್ಮ ಈ ಮೂಲೆಯಲ್ಲಿ ಮನೆ ಎಂದರೆ ಹಿತ್ತಲಲ್ಲಿ ಪಿಟ್ ಇರಬೇಕು. ಪಿಟ್ ಎಂದರೆ ಗುಂಡಿ. ಗುಂಡಿ ನಮ್ಮಪ್ಪಂದಿರ ಕಾಲಕ್ಕೇ ಮುಚ್ಚಿಹೋಯಿತು, ಹೆಸರು ಮಾತ್ರ ಉಳಿಯಿತು. ಈಗಿರುವುದು ಹಳೆಯ ಗ್ಯಾಸ್ ಟ್ಯಾಂಕನ್ನು ಸೀಳಿ ಮುಚ್ಚಳ ಮಾಡಿ, ಒಂದು ತುದಿಗೆ ಬೆಂಕಿಗೂಡು, ಇನ್ನೊಂದು ತುದಿಗೆ ಹೊಗೆಕೊಳವೆ ಬೆಸೆದ ಕಬ್ಬಿಣದ ಗುಡಾಣ. ಅದರೊಳಗೆ ಹೋಗುವುದು ಬ್ರಿಸ್ಕೆಟ್, ದನದ ಮುಂಗಾಲುಗಳ ನಡುವಿನ ಎದೆಯ ಮಾಂಸ. ಬದುಕಿರುವಷ್ಟು ದಿನ ಇಡೀ ಮೈಯ ಭಾರ ಹೊತ್ತ ಮಾಂಸ ಅದು; ಅವಸರ ಮಾಡಿದರೆ ಚಪ್ಪಲಿಯ ಅಟ್ಟೆ. ಉಪ್ಪು, ಕರಿಮೆಣಸು ಬಿಟ್ಟು ಬೇರೇನೂ ಸೋಕಿಸದೆ, ಓಕ್ ಕಟ್ಟಿಗೆಯ ಸಣ್ಣ ಬೆಂಕಿಯ ಹೊಗೆಯಲ್ಲಿ ನಸುಕಿನಿಂದ ಸಂಜೆಯವರೆಗೆ ಬಿಟ್ಟರೆ ಬೆಣ್ಣೆ. ನಡುವೆ ಒಂದು ಹೊತ್ತಿನಲ್ಲಿ ಮಾಂಸ ಮೊಂಡು ಹಿಡಿಯುತ್ತದೆ. ಗಂಟೆಗಟ್ಟಲೆ ಅದರ ಒಳಗಿನ ಬಿಸಿ ಒಂದಿಷ್ಟೂ ಏರುವುದಿಲ್ಲ. ಧೈರ್ಯವಂತರು ಅಲ್ಲಿ ತಾಳ್ಮೆಗೆಟ್ಟು ಕಟ್ಟಿಗೆ ತುಂಬಿ ಕೆಡಿಸುತ್ತಾರೆ. ಎಡ್ವಿನ್‌ಗೆ ದೊಡ್ಡ ಬೆಂಕಿ ಎಂದರೆ ಕೈಕಾಲು ನಡುಕ, ಹಾಗಾಗಿ ಅವನ ಬ್ರಿಸ್ಕೆಟ್ ಒಂದು ದಿನವೂ ಕೆಡಲಿಲ್ಲ. ಊರೆಲ್ಲ ಬಾಯಿ ಚಪ್ಪರಿಸಿ ಹೊಗಳುತ್ತಿದ್ದ ಆ ರುಚಿ ಅವನ ಹೆದರಿಕೆಯದೇ ರುಚಿ.

ಅವನು ಬೆಂಕಿ ಹಚ್ಚುವ ವೈಖರಿಯನ್ನು ನೋಡಬೇಕಿತ್ತು ನೀವು. ಮೊದಲು ಪಿಟ್‌ನ ಸುತ್ತ ನೀರಿನ ಪೈಪು ಹಿಡಿದು ಕೆಸರಾಗುವಷ್ಟು ಹುಲ್ಲು ನೆನೆಸುವುದು. ಬೇಲಿಯ ಪಕ್ಕ ದನಕ್ಕಿಟ್ಟ ತಗಡಿನ ತೊಟ್ಟಿ ತುಂಬಿಸುವುದು, ಬಕೆಟ್‌ಗಳನ್ನು ಸಾಲಾಗಿ ಇಡುವುದು. ಬೇಲಿಕಂಬಕ್ಕೆ ಹಳೆಯ ಕೈವಸ್ತ್ರ ಕಟ್ಟಿ ಗಾಳಿ ಎತ್ತ ಎಂದು ನೋಡುವುದು. ಆಮೇಲೆ ಕುರ್ಚಿ ಹಾಕಿ ಪೈಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಮುಗಿಯಿತು, ಊಟವೂ ಅಲ್ಲಿಗೇ ಹೋಗಬೇಕು. ನಮ್ಮ ಮದುವೆಯ ಊಟಕ್ಕೂ ಅವನೇ ಮಾಂಸ ಸುಟ್ಟದ್ದು. ಮಾರನೆಯ ದಿನ ಸಮುದ್ರ ನೋಡಲು ಗ್ಯಾಲ್ವೆಸ್ಟನ್‌ಗೆ ಹೊರಟೆವು. ಅರ್ಧ ದಾರಿಯಲ್ಲಿ ಕಾರು ನಿಲ್ಲಿಸಿ, "ಬೂದಿ ಸರಿಯಾಗಿ ಆರಿತ್ತಾ?" ಎಂದ. ನಾನು ಹೊಸ ಟೋಪಿ ಹಾಕಿಕೊಂಡು ಕೂತಿದ್ದೆ. ಕಾರು ವಾಪಸು ತಿರುಗಿತು. ಆ ಸಮುದ್ರವನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಈ ಭಯ ಎಲ್ಲಿಂದ ಬಂತು ಎನ್ನುವುದನ್ನು ಅವತ್ತು ವಾಪಸು ಬರುವ ದಾರಿಯಲ್ಲೇ ಹೇಳಿದ. ಅವನು ಹುಡುಗನಾಗಿದ್ದಾಗ ಅಕ್ಕನ ಮದುವೆ. ಆಗಿನ್ನೂ ನಿಜವಾದ ಗುಂಡಿಯ ಕಾಲ. ಪಕ್ಕದಲ್ಲಿ ಕಟ್ಟಿಗೆ ಉರಿಸಿ ಕೆಂಡ ಮಾಡಿ, ಆ ಕೆಂಡವನ್ನು ಸಲಿಕೆಯಲ್ಲಿ ಹೊತ್ತು ತಂದು ಮಾಂಸದ ಕೆಳಗೆ ಸುರಿಯುವುದು ರೂಢಿ. ಹೊರುವ ಕೆಲಸ ಹುಡುಗರದು. ಅವತ್ತು ಗಾಳಿ ಇತ್ತು. ಅಕಾರ್ಡಿಯನ್ ಬಾರಿಸುತ್ತಿದ್ದರು, ಜನ ಕುಣಿಯುತ್ತಿದ್ದರು, ಅಷ್ಟರಲ್ಲಿ ನೆರೆಯವರ ಹುಲ್ಲಿನ ಕೊಟ್ಟಿಗೆ ಹತ್ತಿಕೊಂಡಿತು. ಒಳಗೆ ಎರಡು ಹೇಸರಗತ್ತೆಗಳಿದ್ದವು. ಯಾರೋ ಸಿಗಾರ್ ಎಸೆದಿರಬೇಕು ಎಂದರು ಕೆಲವರು. ಎಡ್ವಿನ್‌ನ ಅಪ್ಪ ಮಾತ್ರ ಮಗನ ಕೈಯಲ್ಲಿದ್ದ ಸಲಿಕೆಯನ್ನು ನೋಡಿದರು, ಮಗನ ಮುಖ ನೋಡಿದರು, ಏನೂ ಅನ್ನಲಿಲ್ಲ. ಸಾಯುವವರೆಗೂ ಅನ್ನಲಿಲ್ಲ.

"ಬೈದಿದ್ರೆ ಚೆನ್ನಾಗಿತ್ತು ಕಣೇ," ಎಂದ ಎಡ್ವಿನ್, ಸ್ಟೀರಿಂಗ್ ಹಿಡಿದುಕೊಂಡು. "ನಾನೋ ಅಲ್ವೋ ಅನ್ನೋದಾದ್ರೂ ತಿಳೀತಿತ್ತು."

ಅಲ್ಲಿಂದ ಮುಂದೆ ಅವನು ಸಲಿಕೆಯಲ್ಲಿ ಕೆಂಡ ಹೊತ್ತದ್ದಿಲ್ಲ. ಊರಲ್ಲಿ ಅರ್ಧ ಜನ ಈಗಲೂ ಡ್ರಮ್ಮಿನಲ್ಲಿ ಕಟ್ಟಿಗೆ ಉರಿಸಿ ಕೆಂಡ ಹೊರುತ್ತಾರೆ, ರುಚಿ ಅದರಲ್ಲೇ ಎನ್ನುತ್ತಾರೆ. ಇವನದು ಗೂಡಿನೊಳಗೇ ಹುಟ್ಟಿ ಗೂಡಿನೊಳಗೇ ಸಾಯಬೇಕಾದ ಬೆಂಕಿ.

ಅವನನ್ನು ಎಲ್ಲರಿಗಿಂತ ಹೆಚ್ಚು ಗೋಳು ಹೊಯ್ದುಕೊಂಡವನು ರೂಡಿ ಕೋವಾರ್. ರಸ್ತೆಯಾಚೆಯ ಮನೆ, ಚಿಕ್ಕಂದಿನ ಗೆಳೆಯ, ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಮುಖ್ಯಸ್ಥ ಬೇರೆ. ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ, "ಲೋ ಎಡ್ವಿನ್, ನಿನ್ನ ಪಿಟ್ ಆರಿದ್ಯೋ, ಲಾರಿ ಕಳಿಸ್ಲೋ?" ಎನ್ನುತ್ತಿದ್ದ. ಎಡ್ವಿನ್ ನಗುತ್ತಿದ್ದ. ನಗುತ್ತಲೇ ಒಂದು ಸಲ ಮನೆ ಕಡೆ ನೋಡುತ್ತಿದ್ದ. ರೂಡಿಗೆ ಹೊಟ್ಟೆಯಲ್ಲಿ ಗಂಟಾಗಿ ಹಾಸಿಗೆ ಹಿಡಿದ ಮೇಲೂ ಈ ಚೇಷ್ಟೆ ನಿಲ್ಲಲಿಲ್ಲ. ಕೊನೆಯ ಸಲ ನೋಡಲು ಹೋದಾಗ ಇವನ ಕೈ ಹಿಡಿದುಕೊಂಡು, "ನನ್ನ ಮಣ್ಣಿನ ದಿನ ಊಟಕ್ಕೆ ನಿನ್ನ ಬ್ರಿಸ್ಕೆಟ್ಟೇ ಆಗ್ಬೇಕು. ಅಂಗಡಿ ಕೋಳಿ ಹಾಕಿದ್ರೆ ಪೆಟ್ಟಿಗೆಯಿಂದ ಎದ್ದು ಬರ್ತೀನಿ, ನೋಡ್ಕೋ," ಎಂದ.

ಅವನು ಸತ್ತದ್ದು ಎಂಥ ಹೊತ್ತಿನಲ್ಲಿ! ಬೇಸಿಗೆ ಮುಗಿದರೂ ಮಳೆಯ ಸುಳಿವಿರಲಿಲ್ಲ. ಹೊಳೆಯಲ್ಲಿ ಬರಿಯ ಕಲ್ಲು. ಹುಲ್ಲು ಕಾಲಿನಡಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ಕೌಂಟಿಯವರು ಬಯಲಲ್ಲಿ ಬೆಂಕಿ ಹಚ್ಚಕೂಡದು ಎಂದು ಆಜ್ಞೆ ಹೊರಡಿಸಿದ್ದರು. ಎಡ್ವಿನ್ ಆಗ ತಿಂಗಳುಗಳಿಂದ ಪಿಟ್‌ನ ಮುಚ್ಚಳವನ್ನೇ ತೆಗೆದಿರಲಿಲ್ಲ. ರೂಡಿಯ ಹೆಂಡತಿ ಮಿಲ್ಡ್ರೆಡ್ ಕಪ್ಪು ಬಟ್ಟೆಯಲ್ಲಿ ರಸ್ತೆ ದಾಟಿ ಬಂದು ನಮ್ಮ ಜಗಲಿಯ ಮೇಲೆ ನಿಂತಳು.

"ಕೇಳೋಕೆ ನಾಚಿಕೆ ಆಗುತ್ತೆ ಎಡ್ವಿನ್," ಎಂದಳು. "ಆದ್ರೆ ಅವನು ಹೇಳಿದ್ದು ನೀನೂ ಕೇಳಿದ್ದೀಯ."

ಎಡ್ವಿನ್ ಅಂಗಳದ ಒಣಹುಲ್ಲಿನ ಕಡೆ ನೋಡಿದ. ಆಮೇಲೆ ಆಗಲಿ ಎಂದು ತಲೆಯಾಡಿಸಿದ.

ಅಗ್ನಿಶಾಮಕ ದಳದಲ್ಲಿ ಅಪ್ಪನ ಜಾಗಕ್ಕೆ ಬಂದಿದ್ದ ರೂಡಿಯ ಮಗ ಲಿಯಾನ್ ಸಂಜೆ ಬಂದು ಪಿಟ್‌ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಮುಚ್ಚಿದ ಪಿಟ್ ಆದ್ರೆ, ಪಕ್ಕದಲ್ಲೇ ಮನುಷ್ಯ ಇದ್ರೆ, ಹಚ್ಬಹುದು ಅಂಕಲ್," ಎಂದ. ನನ್ನ ಕಡೆ ತಿರುಗಿ, "ಪಕ್ಕದಲ್ಲೇ ಮನುಷ್ಯ ಇರೋ ಪಿಟ್ ಅಂದ್ರೆ ಇಡೀ ಟೆಕ್ಸಸ್ಸಲ್ಲಿ ಇದೊಂದೇ ಅಲ್ವಾ ಟೇಟಾ?" ಎಂದು ಕಣ್ಣು ಮಿಟುಕಿಸಿದ. ನಮ್ಮಲ್ಲಿ ಅತ್ತೆ, ಚಿಕ್ಕಮ್ಮ ಎಲ್ಲರೂ ಟೇಟಾನೇ. ಅಪ್ಪ ಸತ್ತ ದುಃಖದಲ್ಲೂ ಹುಡುಗನಿಗೆ ಅಪ್ಪನದೇ ನಾಲಗೆ.

ಮಣ್ಣಿನ ಹಿಂದಿನ ದಿನ ನಸುಕಿನಲ್ಲಿ ಎದ್ದು ಎಡ್ವಿನ್ ಆರು ಬ್ರಿಸ್ಕೆಟ್ ಒಳಗಿಟ್ಟ. ಹುಲ್ಲು ನೆನೆಸಿದ್ದು ಎರಡರಷ್ಟು, ಬಕೆಟ್‌ಗಳು ಎರಡರಷ್ಟು. ಗಾಳಿ ದಕ್ಷಿಣದಿಂದ ಮೆಲ್ಲಗೆ ಬರುತ್ತಿತ್ತು. ಮಧ್ಯಾಹ್ನ ಮಾಂಸ ಮೊಂಡು ಹಿಡಿಯಿತು, ಇವನು ಅದರೆದುರು ಅದಕ್ಕಿಂತ ಮೊಂಡಾಗಿ ಕೂತ. ಕೊನೆಗೆ ಅದೇ ಸೋತಿತು. ಒಂದೊಂದನ್ನೂ ಮಾಂಸದಂಗಡಿಯ ಕಂದು ಕಾಗದದಲ್ಲಿ ಸುತ್ತಿ ಮತ್ತೆ ಒಳಗಿಟ್ಟ. ನಾನು ಹುಳಿ ಹಾಕಿದ ಸೌತೆಕಾಯಿ, ಬ್ರೆಡ್ಡು ತಟ್ಟೆಯಲ್ಲಿಟ್ಟು ತಂದೆ.

"ಇನ್ನೆರಡು ಗಂಟೆ," ಎಂದ. ಅವನ ಮುಖದಲ್ಲಿ ನಗು ಬರುವುದರಲ್ಲಿತ್ತು.

ಅಷ್ಟರಲ್ಲಿ ಬೇಲಿಕಂಬದ ಕೈವಸ್ತ್ರ ಸಪ್ಪಗೆ ಜೋತುಬಿತ್ತು. ಒಂದು ಕ್ಷಣ ಗಾಳಿಯೇ ಇರಲಿಲ್ಲ. ಆಮೇಲೆ ಅದು ಪಟಪಟ ಎಂದು ಎದ್ದು ಇನ್ನೊಂದು ದಿಕ್ಕಿಗೆ ನೆಟ್ಟಗೆ ನಿಂತಿತು. ಉತ್ತರದ ಗಾಳಿ. ವರ್ಷದ ಮೊದಲನೆಯದು, ತಂಪಿಲ್ಲದ್ದು, ಒಣಗಿದ್ದು. ತಟ್ಟೆಯ ಬ್ರೆಡ್ಡು ಹಾರಿಹೋಯಿತು. ಎಡ್ವಿನ್ ಎದ್ದು ನಿಂತ. ಉತ್ತರಕ್ಕೆ, ಹೆದ್ದಾರಿಯ ಕಡೆ, ಮರಗಳ ಮೇಲೆ ಕಂದು ಹೊಗೆ ಏಳುತ್ತಿತ್ತು.

ಅವನು ಮೊದಲು ಮಾಡಿದ್ದೇನು ಗೊತ್ತೇ? ಆ ಹೊಗೆಯನ್ನು ಬಿಟ್ಟು ತನ್ನ ಪಿಟ್ ನೋಡಿದ. ಬಗ್ಗಿ ಅದರ ಕೆಳಗೆ, ಹಿಂದೆ, ಗೂಡಿನ ಬಾಗಿಲ ಸಂದಿಯಲ್ಲಿ ಹುಡುಕಿದ. ಅವನ ತುಟಿ ಬಿಳಿಚಿಕೊಂಡಿತ್ತು.

"ನಂದಲ್ಲ ತಾನೇ?" ಎಂದ. "ಆಲ್ಬಿನಾ, ಇದು ನಂದಲ್ಲ ತಾನೇ?"

"ಬೆಂಕಿ ಇರೋದು ಉತ್ತರಕ್ಕೆ, ಗಾಳಿ ಬರ್ತಿರೋದು ಉತ್ತರದಿಂದ, ನಿನ್ನ ಕೆಂಡ ಏನು ಗಾಳಿಗೆ ಎದುರಾಗಿ ನಡ್ಕೊಂಡು ಹೋಯ್ತಾ? ಹುಚ್ಚು ಹಿಡೀತಾ ನಿಂಗೆ?"

ಅದು ಹೇಗೆ ಹತ್ತಿತು ಎನ್ನುವುದು ಇಂದಿಗೂ ಯಾರಿಗೂ ಖಚಿತವಿಲ್ಲ. ಯಾವುದೋ ಟ್ರೇಲರಿನ ಸರಪಳಿ ರಸ್ತೆಗೆ ಉಜ್ಜಿ ಕಿಡಿ ಹಾರಿದ್ದು ಎನ್ನುತ್ತಾರೆ. ಅದು ನಮ್ಮ ಕಡೆಗೇ ಬರುತ್ತಿದೆ ಎನ್ನುವುದು ಮಾತ್ರ ನೋಡನೋಡುತ್ತ ಖಚಿತವಾಯಿತು. ಲಿಯಾನ್ ಫೋನ್ ಮಾಡಿದ. ಹಿಂದೆ ಸೈರನ್ ಕೂಗುತ್ತಿತ್ತು.

"ಟೇಟಾ, ಹೊರಡಿ! ಏನೂ ತಗೋಬೇಡಿ, ಹೊರಡಿ! ನಾವು ನಿಮ್ಮನೆ ಮುಂದಿನ ರಸ್ತೇಲೇ ಅದನ್ನ ತಡೀಬೇಕು, ಅದಕ್ಕೆ ಮುಂಚೆ ಆಗಲ್ಲ."

ಅಂದರೆ ರಸ್ತೆಯಾಚೆಯ ಮಿಲ್ಡ್ರೆಡ್‌ಳ ಮನೆ ಉಳಿಯಬಹುದು, ಈಚೆಯ ನಮ್ಮದು ಲೆಕ್ಕಕ್ಕಿಲ್ಲ. ಓಡಿಹೋಗಿ ಅಮ್ಮನ ಫೋಟೋ, ಗುಳಿಗೆಗಳ ಡಬ್ಬಿ ತಂದು ಪಿಕಪ್‌ಗೆ ಎಸೆದೆ, ಎಂಜಿನ್ ಚಾಲೂ ಮಾಡಿದೆ. ನೋಡಿದರೆ ಎಡ್ವಿನ್ ಬ್ರಿಸ್ಕೆಟ್‌ಗಳನ್ನು ಬಿಸಿ ಆರದ ಹಾಗೆ ಟವೆಲಿನಲ್ಲಿ ಸುತ್ತಿ ಐಸ್ ಪೆಟ್ಟಿಗೆಗಳಿಗೆ ತುಂಬುತ್ತಿದ್ದ. ಸರಿ, ಅದಾದರೂ ಅರ್ಥವಾಗುವ ಮಾತು. ಎರಡು ಪೆಟ್ಟಿಗೆಗಳನ್ನೂ ಗಾಡಿಗೆ ಏರಿಸಿದ. ಹತ್ತಿ ಕೂರುತ್ತಾನೆ ಎಂದುಕೊಂಡೆ. ಸಲಿಕೆ ಎತ್ತಿಕೊಂಡು ಪಿಟ್‌ನ ಕಡೆಗೆ ಹೋದ.

"ಎಡ್ವಿನ್!"

"ಗೂಡಲ್ಲಿ ಕೆಂಡ ಇದೆ."

"ಇರ್ಲಿ ಬಿಡು! ಬಾಗಿಲು ಮುಚ್ಚಿ ಬಾ!"

"ಮುಚ್ಚಿದ್ರೆ ಒಳಗೇ ಬದುಕಿರುತ್ತೆ, ನಾಳೆವರೆಗೂ. ಗಾಳಿ ಈಗ ಮಿಲ್ಡ್ರೆಡ್ ಮನೆ ಕಡೆಗೆ."

"ನೀರು ಸುರಿದು ಬಾ ಹಾಗಾದ್ರೆ!"

"ಕಾದ ಕಬ್ಬಿಣಕ್ಕೆ ನೀರು ಬಿದ್ರೆ ಕೆಂಡ ಸಿಡಿಯುತ್ತೆ."

ಪೈಪು ತೆಗೆದುಕೊಂಡು ಕನಿಷ್ಠ ಮನೆಯ ಮಾಡಿಗಾದರೂ ನೀರು ಹಾಯಿಸೋಣ ಎಂದು ನಾನು ಇಳಿದು ಓಡಿದೆ. ನಲ್ಲಿ ತಿರುಗಿಸಿದರೆ ಒಂದು ಸಲ ಕೆಮ್ಮಿ ನಿಂತುಹೋಯಿತು. ಕರೆಂಟು ಹೋಗಿತ್ತು. ಕರೆಂಟಿಲ್ಲದೆ ಬಾವಿಯ ಪಂಪಿಲ್ಲ. ಉಳಿದದ್ದು ಅವನ ತೊಟ್ಟಿ, ಅವನ ಬಕೆಟ್‌ಗಳು ಅಷ್ಟೇ.

"ಆ ನೀರನ್ನ ಮನೆಗೆ ಹಾಕೋ! ಮನೆಗೆ ಹಾಕೋ ಪುಕ್ಕಲ ನನ್ಮಗನೇ!" ಎಂದು ಚೀರಿದೆ. ಪುಕ್ಕಲ ಎಂದದ್ದುಂಟು, ಆದರೆ ಅಷ್ಟು ವರ್ಷದಲ್ಲಿ ನನ್ಮಗನೇ ಎಂಬ ಬೈಗುಳ ನನ್ನ ಬಾಯಿಂದ ಬಂದಿರಲಿಲ್ಲ.

ಅವನು ಕೇಳಿಸಿಕೊಳ್ಳಲಿಲ್ಲ. ಗೂಡಿನ ಬಾಗಿಲು ತೆಗೆದ. ಒಳಗೆ ಕೆಂಡ ಉಸಿರಾಡುತ್ತಿತ್ತು. ಸಲಿಕೆ ತೂರಿಸಿ ತುಂಬ ಕೆಂಡ ಹೊರತೆಗೆದ, ಗಾಳಿಗೆ ಬೆನ್ನು ಕೊಟ್ಟು ಅದನ್ನು ಮೈಯಿಂದ ಮುಚ್ಚಿಕೊಂಡು, ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ಬೇಲಿಯ ಪಕ್ಕದ ತೊಟ್ಟಿಗೆ ನಡೆದ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹೊಗೆಗೋ ಯಾತಕ್ಕೋ. ಹುಡುಗನಾಗಿದ್ದಾಗ ಇಳಿಸಿದ ಸಲಿಕೆಯನ್ನು ಅವನು ಮತ್ತೆ ಹೊತ್ತದ್ದು ಅವತ್ತು. ತೊಟ್ಟಿಗೆ ಬಿದ್ದ ಕೆಂಡ ಚುರ್ರೆಂದಿತು. ತಿರುಗಿ ಇನ್ನೊಂದಕ್ಕೆ ಹೋದ.

ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಬೂದಿ ಮೈಮೇಲೆ ಬೀಳತೊಡಗಿತು. ಎರಡು ಜಿಂಕೆಗಳು ನಮ್ಮನ್ನು ನೋಡಿಯೂ ನೋಡದ ಹಾಗೆ ಹಿತ್ತಲಲ್ಲೇ ಹಾದು ರಸ್ತೆಗೆ ಓಡಿದವು. ಆ ಸದ್ದು ಆಗ ಕೇಳಿತು. ಬೆಂಕಿಗೆ ಸದ್ದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೂಡ್ಸ್ ರೈಲು ಒಂದು ನಿಲ್ಲದೆ ಬರುತ್ತಲೇ ಇದ್ದ ಹಾಗೆ. ಸಾಯುತ್ತೇವೆ ಎನಿಸಿತು. ಇವನ ನಾಲ್ಕು ಕೆಂಡಕ್ಕಾಗಿ ಇಬ್ಬರೂ ಇಲ್ಲೇ ಸಾಯುತ್ತೇವೆ ಎಂದು ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿ, ಇನ್ನೊಂದು ಸಲಿಕೆ ಎತ್ತಿಕೊಂಡೆ. ಅದೆಲ್ಲ ಆರಿದ ಹೊರತು ಅವನು ಗಾಡಿ ಹತ್ತುವುದಿಲ್ಲ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಗೂಡಿಗೆ ಸಲಿಕೆ ಹಾಕಿ ಕೆಂಡ ತುಂಬಿಕೊಂಡೆ. ಅವನ ಹಾಗೆ ಮೈ ಅಡ್ಡ ಹಿಡಿಯಬೇಕು ಎಂದು ನನಗೆ ಹೊಳೆಯಲಿಲ್ಲ. ಬಿರಬಿರನೆ ನಡೆದೆ. ಗಾಳಿಯ ಒಂದು ಹೊಡೆತ ಬಂತು. ಸಲಿಕೆಯ ಅಂಚಿನಿಂದ ಒಂದು ಕೆಂಡ ಎದ್ದು ಹಾರಿತು. ಗೋಲಿ ಗಾತ್ರದ್ದೇ. ಅವನು ನೆನೆಸಿದ್ದ ಕೆಸರನ್ನು ದಾಟಿ, ಬೇಲಿಯ ತಂತಿಯ ಕೆಳಗೆ ನುಸುಳಿ, ಒಣಹುಲ್ಲಿನಲ್ಲಿ ಬಿತ್ತು. ಬಿದ್ದು ಹೊಗೆಯಾಗಲಿಲ್ಲ, ಕಾಯಲಿಲ್ಲ. ಬಿದ್ದ ಜಾಗವೇ ಭಗ್ಗೆಂದಿತು.

ಆ ಹೊತ್ತು ನನಗೆ ಆದದ್ದನ್ನು ಹೇಗೆ ಹೇಳಲಿ? ಹಿಂದೆ ಮೈಲಿಗಟ್ಟಲೆ ಬೆಂಕಿ ಬರುತ್ತಿತ್ತು, ಅದರ ಭಯ ಒಂದು ಥರ. ಇದು ಬೇರೆ. ಇದು ನನ್ನ ಕೈಯಿಂದ ಹೋದದ್ದು. ಸಲಿಕೆ ಹಿಡಿದು ಕಲ್ಲಿನ ಹಾಗೆ ನಿಂತುಬಿಟ್ಟೆ.

ಎಡ್ವಿನ್ ಬೇಲಿ ಹಾರಿದ. ಈ ವಯಸ್ಸಿನಲ್ಲಿ, ಆ ನೋವಿನ ಮೊಣಕಾಲಿನಲ್ಲಿ. ಟೋಪಿಯಿಂದ ಬಡಿದ, ಟೋಪಿ ಹತ್ತಿಕೊಂಡಿತು, ಅದನ್ನು ತುಳಿದು ಅಂಗೈಯಿಂದಲೇ ಬಡಿದ, ಮೈಮೇಲಿನ ಒದ್ದೆ ಅಂಗಿ ಕಿತ್ತು ಅದರ ಮೇಲೆ ಒಗೆದು ಮಂಡಿಯೂರಿ ಒತ್ತಿ ಹಿಡಿದ. ಅಂಗಿಯ ಅಂಚಿನಿಂದ ಸ್ವಲ್ಪ ಹೊಗೆ ಬಂತು, ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದ. ಮೊದಲು ನನ್ನ ಕೈಯಲ್ಲಿದ್ದ ಸಲಿಕೆ ನೋಡಿದ, ಆಮೇಲೆ ಮುಖ ನೋಡಿದ.

"ಆರ್ತು," ಎಂದ. "ಏನೂ ಆಗಿಲ್ಲ ಆಲ್ಬಿನಾ. ಆರ್ತು ನೋಡು."

ನಾನು ಅತ್ತುಬಿಟ್ಟೆ. ಅವನು ನನ್ನ ಕೈಯಿಂದ ಸಲಿಕೆ ತೆಗೆದುಕೊಂಡು ಉಳಿದದ್ದನ್ನು ಒಬ್ಬನೇ ಮುಗಿಸಿದ. ಗೂಡು ಕಪ್ಪಾದ ಮೇಲೆ ಬಕೆಟ್‌ಗಳನ್ನೂ ಒಂದೊಂದಾಗಿ ಅದಕ್ಕೇ ಸುರಿದ, ಮನೆಗಲ್ಲ. ಗೇಟು ದಾಟುವಾಗ ಗಾಡಿಯ ಕನ್ನಡಿಯಲ್ಲಿ ನೋಡಿದೆ. ಉತ್ತರದ ಬೇಲಿಯ ಹತ್ತಿರದ ಸೀಡರ್ ಮರಗಳು ಒಂದರ ಹಿಂದೊಂದು ಪಟಾಕಿಯ ಹಾಗೆ ಹತ್ತಿಕೊಳ್ಳುತ್ತಿದ್ದವು. ಎಡ್ವಿನ್ ಕನ್ನಡಿ ನೋಡಲಿಲ್ಲ. ಸುಟ್ಟ ಅಂಗೈಯನ್ನು ಕಿಟಕಿಯ ಹೊರಗೆ ಗಾಳಿಗೆ ಹಿಡಿದುಕೊಂಡು ಕೂತಿದ್ದ.

ಚರ್ಚಿನ ಸಭಾಂಗಣದಲ್ಲಿ ಅರ್ಧ ಊರೇ ಸೇರಿತ್ತು. ಯಾರೋ ಅವನ ಕೈಗೆ ಬಟ್ಟೆ ಸುತ್ತಿದರು. ಅವನಿಗೆ ಮಾಂಸದ್ದೇ ಚಿಂತೆ. ಇನ್ನೆರಡು ಗಂಟೆ ಬೇಯಬೇಕಿದ್ದ ಬ್ರಿಸ್ಕೆಟ್‌ಗಳನ್ನು ಚರ್ಚಿನ ಅಡುಗೆಮನೆಯ ಓವನ್ನಿಗೆ ಹಾಕದೆ ಬೇರೆ ದಾರಿ ಇರಲಿಲ್ಲ. ನಮ್ಮ ಗಂಡಸರಿಗೆ ಇದಕ್ಕಿಂತ ದೊಡ್ಡ ಮಾನಭಂಗವಿಲ್ಲ.

"ರೂಡಿ ಎದ್ದು ಬರ್ತಾನೆ," ಎಂದ ಎಡ್ವಿನ್, ಓವನ್ನಿನ ಬಾಗಿಲು ಮುಚ್ಚುತ್ತ.

"ಬರ್ಲಿ," ಎಂದಳು ಮಿಲ್ಡ್ರೆಡ್. "ಬಂದ್ರೆ ನಂಗೂ ನಾಲ್ಕು ಮಾತು ಆಡೋದಿದೆ."

ಬೆಳಿಗ್ಗೆ ಲಿಯಾನ್ ಬಂದ. ಮುಖವೆಲ್ಲ ಮಸಿ, ಕಣ್ಣು ಮಾತ್ರ ಕೆಂಪಗೆ. ಬೆಂಕಿ ರಸ್ತೆಯಲ್ಲಿ ನಿಂತಿತು ಎಂದ. ಆಚೆಯ ಮನೆಗಳು ಉಳಿದಿವೆ ಎಂದ. ಆಮೇಲೆ ನನ್ನ ಕೈ ಹಿಡಿದುಕೊಂಡ, ಮುಂದೆ ಹೇಳಬೇಕಾಗಲಿಲ್ಲ. ಮಣ್ಣಿಗೆ ಇನ್ನೂ ಹೊತ್ತಿತ್ತು. ಅವನೇ ನಮ್ಮನ್ನು ಕರೆದುಕೊಂಡು ಹೋದ.

ಮನೆಯ ಜಾಗದಲ್ಲಿ ಹೊಗೆಗೂಡು ನಿಂತಿತ್ತು. ಸ್ನಾನದ ತೊಟ್ಟಿ, ಅಡುಗೆಯ ಒಲೆ, ಹಾಸಿಗೆಯ ಸ್ಪ್ರಿಂಗುಗಳು. ಅಷ್ಟೇ. ನನ್ನ ಮದುವೆಯ ಬಟ್ಟೆ, ಅಮ್ಮ ಹೆಣೆದ ಮೇಜುಹೊದಿಕೆ, ಎಲ್ಲ ಪಾದ ಮುಳುಗುವಷ್ಟು ಬೂದಿ. ನಾನು ಮೆಟ್ಟಿಲಿದ್ದ ಕಡೆ ನಿಂತೆ, ಮೆಟ್ಟಿಲೂ ಇರಲಿಲ್ಲ. ಎಡ್ವಿನ್ ಮನೆಯ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಪಿಟ್‌ನ ಹತ್ತಿರ ಹೋದ. ಸುತ್ತಲೂ ಎಲ್ಲ ಕಪ್ಪು, ಅವನು ನೆನೆಸಿದ್ದ ಉಂಗುರದಷ್ಟು ಜಾಗ ಮಾತ್ರ ಸುಡದೆ ಉಳಿದಿತ್ತು. ಮಂಡಿಯೂರಿ, ಬಟ್ಟೆ ಸುತ್ತದ ಕೈಯನ್ನು ಗೂಡಿನೊಳಗೆ ಮೊಣಕೈವರೆಗೆ ತೂರಿಸಿ ಬೂದಿ ಕೆದಕಿದ. ಮೂಲೆ ಮೂಲೆ ಕೆದಕಿದ. ಹಿಡಿ ತುಂಬ ಒದ್ದೆ ಬೂದಿ ತೆಗೆದು ನನ್ನೆದುರು ಹಿಡಿದ.

"ನೋಡು, ತಣ್ಣಗಿದೆ," ಎಂದ. "ಮುಟ್ಟಿ ನೋಡೇ. ನಮ್ಮದಲ್ಲ."

ಅವನು ಅಳುತ್ತಿದ್ದ. ಆದರೆ ಮನೆ ಕಳೆದುಕೊಂಡವನ ಅಳು ಅದಲ್ಲ. ಅಂಥ ಹಗುರವಾದ ಮುಖವನ್ನು ನಾನು ಮದುವೆಯ ದಿನವೂ ಅವನಲ್ಲಿ ಕಂಡಿರಲಿಲ್ಲ. ಕಪಾಳಕ್ಕೆ ಬಾರಿಸಬೇಕು ಎನಿಸಿತು ನನಗೆ, ಸುಳ್ಳೇಕೆ ಹೇಳಲಿ.

ಲಿಯಾನ್‌ಗೂ ತಡೆಯಲಾಗಲಿಲ್ಲ. "ಅಂಕಲ್, ಸುತ್ತ ಭೂಮಿಗೆ ಭೂಮೀನೇ ಉರೀತಿತ್ತು. ನಿಮ್ಮ ನಾಲ್ಕು ಕೆಂಡದ ವಿಷ್ಯ ಯಾರು ಕೇಳ್ತಿದ್ರು?"

"ನಾನು ಕೇಳ್ತಿದ್ದೆ," ಎಂದ ಎಡ್ವಿನ್.

ಮಣ್ಣಾಯಿತು. ಸಭಾಂಗಣದಲ್ಲಿ ಎಡ್ವಿನ್ ಒಂದೇ ಕೈಯಲ್ಲಿ ಬ್ರಿಸ್ಕೆಟ್ ಕೊಯ್ದ. ಚಾಕು ಇಟ್ಟರೆ ಸಾಕು ಮಾಂಸ ಬಿಟ್ಟುಕೊಳ್ಳುತ್ತಿತ್ತು, ಕೊಬ್ಬು ತುಳುಕುತ್ತಿತ್ತು. ಓವನ್ನಿನದು ಎಂದು ಯಾರೂ ಬಾಯಿ ಬಿಡಲಿಲ್ಲ. ಅವನನ್ನು ಪುಕ್ಕಲ ಎಂದೂ ಯಾರೂ ಅನ್ನಲಿಲ್ಲ. ಅದೇ ನನಗೆ ಕಷ್ಟವಾಯಿತು, ಆಡಿಕೊಳ್ಳುತ್ತಿದ್ದವನು ಪೆಟ್ಟಿಗೆಯೊಳಗಿದ್ದ.

ಆ ತೊಟ್ಟಿ, ಬಕೆಟ್‌ಗ‌ಳ ನೀರಿನಿಂದ ಮನೆ ಉಳಿಯುತ್ತಿರಲಿಲ್ಲ ಎಂದು ಲಿಯಾನ್ ಹೇಳುತ್ತಾನೆ. ನಾನು ನಂಬುತ್ತೇನೆ. ಹಗಲು ಹೊತ್ತು ನಂಬುತ್ತೇನೆ.

ಈಗ ಅದೇ ಜಾಗದಲ್ಲಿ ಸಣ್ಣದೊಂದು ತಗಡಿನ ಮನೆ. ಮಳೆ ಬಂದು ಹುಲ್ಲು ಚಿಗುರಿ, ಮತ್ತೆ ಒಣಗಿದೆ. ಎಡ್ವಿನ್ ಈಗ ಮಲಗಿದರೆ ಎಬ್ಬಿಸಲಾಗದಂಥ ನಿದ್ದೆ. ಪಿಟ್ ಹಚ್ಚಿ ಅದಕ್ಕೆ ಬೆನ್ನು ಹಾಕಿ ಕೂತು ಪೇಪರ್ ಓದುತ್ತಾನೆ, ನಡುವೆ ಎದ್ದು ಅಂಚೆಪೆಟ್ಟಿಗೆಯವರೆಗೆ ಹೋಗಿಬರುತ್ತಾನೆ. ಗ್ಯಾಲ್ವೆಸ್ಟನ್‌ಗೆ ಹೋಗೋಣ ನಡಿ ಎಂದು ಎರಡು ಸಲ ಕರೆದ. ಹೇಗೆ ಹೋಗಲಿ? ಕಣ್ಣು ಮುಚ್ಚಿದರೆ ನನ್ನ ಸಲಿಕೆಯ ಅಂಚಿನಿಂದ ಆ ಕೆಂಡ ಏಳುತ್ತದೆ. ಬೇಲಿಯ ತಂತಿಯ ಕೆಳಗೆ ನುಸುಳುತ್ತದೆ.

ಕಳೆದ ಶನಿವಾರ ಅವನು ಬೆಂಕಿ ಹಚ್ಚಿದ. ನಾನು ಅದಕ್ಕೆ ಮುಂಚೆಯೇ ಎದ್ದು ಹುಲ್ಲೆಲ್ಲ ಕೆಸರಾಗುವ ಹಾಗೆ ನೆನೆಸಿ, ತೊಟ್ಟಿ ತುಂಬಿಸಿ, ಬೇಲಿಕಂಬಕ್ಕೆ ನನ್ನ ಹಳೆಯ ಸ್ಕಾರ್ಫ್ ಕಟ್ಟಿ, ಕುರ್ಚಿಯ ಮೇಲೆ ಕೂತಿದ್ದೆ.

"ಏನೇ ಪುಕ್ಕಲಿ," ಎಂದು ನಕ್ಕ ಎಡ್ವಿನ್, ಕಾಫಿ ಲೋಟ ನನ್ನ ಕೈಗೆ ಕೊಡುತ್ತ. "ಒಳಗೆ ಹೋಗಿ ತಿಂಡಿ ತಿನ್ನು. ನಾನಿದ್ದೀನಲ್ಲ."

ಲೋಟ ತೆಗೆದುಕೊಂಡೆ. ಇನ್ನೊಂದು ಕೈಯಲ್ಲಿದ್ದ ಪೈಪನ್ನು ಬಿಡಲಿಲ್ಲ.